ಮೊದಲು ಗಾಳಿ, ಆಮೇಲೆ ರೈಫಲ್

(10 ಮೀಟರ್ ಏರ್ ರೈಫಲ್ ಕಲಿಯಲು ಹೊಸದಾಗಿ ಬಂದವರಿಗೂ ಅವರ ಹೆತ್ತವರಿಗೂ ಕೊಟ್ಟ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಹೊಸಬರು ಬಂದ ಕೂಡಲೇ ಕೇಳುವುದು ಒಂದೇ: "ಯಾವ ರೈಫಲ್ ತಗೊಳ್ಳೋದು?" ಅದಕ್ಕೆ ನಮ್ಮದು ಮರುಪ್ರಶ್ನೆ: ಗಾಳಿ ಎಲ್ಲಿ ತುಂಬಿಸುತ್ತೀರಿ? ಲಕ್ಷಗಟ್ಟಲೆ ಕೊಟ್ಟು ರೈಫಲ್ ತಂದ ಮೇಲೆ, ಮೂಲೆ ಅಂಗಡಿಯ ಪಂಕ್ಚರ್ ಕಂಪ್ರೆಸರ್‌ನಲ್ಲಿ ಗಾಳಿ ಹೊಡೆಸಿದರೆ ಸಾಕಲ್ಲವೇ ಅಂತ ಕೇಳುವವರಿದ್ದಾರೆ. ಸಾಲದು. ಗಾಳಿಯ ಒತ್ತಡವನ್ನು ಅಳೆಯುವುದು ಬಾರ್‌ನಲ್ಲಿ; ಆ ಕಂಪ್ರೆಸರ್ ಕೊಡುವುದು ಎಂಟು-ಹತ್ತು ಬಾರ್. ನಮಗೆ ಬೇಕಾದದ್ದು 200.

200 ಬಾರ್ ಅಂದರೆ ಎಷ್ಟು ಅನ್ನುವುದು ತಲೆಗೆ ಇಳಿಯಬೇಕು. ಅಡುಗೆಮನೆಯ ಕುಕ್ಕರ್ ಸೀಟಿ ಹೊಡೆಯುವುದು ಹೆಚ್ಚುಕಮ್ಮಿ 1 ಬಾರ್‌ಗೆ. ಕಾರಿನ ಟೈರಿಗೆ 32 ಪಿಎಸ್‌ಐ ಹಾಕಿಸುತ್ತೀರಲ್ಲ, ಅದು 2.2 ಬಾರ್. ರೈಫಲ್‌ನ ಕೆಳಗೆ ಕೂತಿರುವ, ಕೈಯಳತೆಯ ಆ ಸಿಲಿಂಡರ್‌ನಲ್ಲಿ ಟೈರಿನ ತೊಂಬತ್ತು ಪಟ್ಟು ಒತ್ತಡ ಇರುತ್ತದೆ. ಹೆದರಬೇಕಿಲ್ಲ, ಆದರೆ ಸದರ ಮಾತ್ರ ಬೇಡ.

ಒಳಗೆ ಏನು ನಡೆಯುತ್ತದೆ ಅಂತ ನೋಡೋಣ. ಸಿಲಿಂಡರ್‌ನ ಗಾಳಿ ಮೊದಲು ರೆಗ್ಯುಲೇಟರ್‌ಗೆ ಬರುತ್ತದೆ. ಸಿಲಿಂಡರ್‌ನಲ್ಲಿ 200 ಇರಲಿ 120 ಇರಲಿ, ರೆಗ್ಯುಲೇಟರ್ ಅದನ್ನು ಒಂದೇ ಮಟ್ಟಕ್ಕೆ ಇಳಿಸಿ ಮುಂದಿನ ಚಿಕ್ಕ ಕೋಣೆಗೆ ಬಿಡುತ್ತದೆ. ಮ್ಯಾಚ್ (ಸ್ಪರ್ಧೆಯ) ರೈಫಲ್‌ಗಳಲ್ಲಿ ಆ ಮಟ್ಟ ಸಾಮಾನ್ಯವಾಗಿ 60ರಿಂದ 80 ಬಾರ್ ನಡುವೆ. ಟ್ರಿಗರ್ ಎಳೆದಾಗ ಒಂದು ಪುಟ್ಟ ಸುತ್ತಿಗೆ ವಾಲ್ವಿಗೆ ಬಡಿಯುತ್ತದೆ, ವಾಲ್ವ್ ಕ್ಷಣಮಾತ್ರ ತೆರೆದು ಮುಚ್ಚುತ್ತದೆ, ಅಷ್ಟರಲ್ಲಿ ಹೊರಟ ಗಾಳಿ ಪೆಲೆಟ್ಟನ್ನು, ಅಂದರೆ ಸೀಸದ ಪುಟ್ಟ ಗುಂಡನ್ನು, ತಳ್ಳುತ್ತದೆ. ಸ್ಪ್ರಿಂಗ್ ರೈಫಲ್‌ನಲ್ಲಾದರೆ ಪೆಲೆಟ್ ಇನ್ನೂ ಬ್ಯಾರಲ್‌ನಲ್ಲಿರುವಾಗಲೇ ಭಾರವಾದ ಪಿಸ್ಟನ್ ಮುಂದಕ್ಕೆ ಧಾವಿಸಿ ಇಡೀ ರೈಫಲನ್ನು ಅಲುಗಿಸುತ್ತದೆ. ಇದರಲ್ಲಿ ಆ ಕುಲುಕಾಟ ಇಲ್ಲ. ಹೀಗೆ ಮೊದಲೇ ಒತ್ತಿ ತುಂಬಿದ ಗಾಳಿಯಿಂದ ಹೊಡೆಯುವ ರೈಫಲ್‌ಗೆ ಪಿಸಿಪಿ ಅನ್ನುತ್ತಾರೆ. ಪಿಸಿಪಿಗೆ ಇಷ್ಟು ಬೆಲೆ ಕೊಡುವುದು ಈ ನೆಮ್ಮದಿಗೆ.

ಈಗ ಲೆಕ್ಕ. 0.53 ಗ್ರಾಂ ತೂಕದ, 4.5 ಮಿಲಿಮೀಟರ್ ಪೆಲೆಟ್ ಸೆಕೆಂಡಿಗೆ 170 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ 7.7 ಜೌಲ್. 10 ಮೀಟರ್ ದಾಟುವಷ್ಟರಲ್ಲಿ ಅದು ಸುಮಾರು 17 ಮಿಲಿಮೀಟರ್ ಕೆಳಗೆ ಇಳಿದಿರುತ್ತದೆ. ವೇಗ ಒಂದು ಶಾಟ್‌ನಿಂದ ಇನ್ನೊಂದಕ್ಕೆ 3 ಮೀಟರ್ ಏರುಪೇರಾದರೆ ಆ ಇಳಿತದಲ್ಲಿ 0.6 ಮಿಲಿಮೀಟರ್ ವ್ಯತ್ಯಾಸ ಬರುತ್ತದೆ. ಗುರಿಯಲ್ಲಿ ಹತ್ತರ ಚುಕ್ಕೆಯ ಅಡ್ಡಳತೆಯೇ 0.5 ಮಿಲಿಮೀಟರ್. ದಶಮಾಂಶ ಅಂಕದಲ್ಲಿ 0.1 ಅಂದರೆ 0.25 ಮಿಲಿಮೀಟರ್. ಅಂದರೆ ನಿಮ್ಮ ಕೈ, ಕಣ್ಣು, ಉಸಿರು ಎಲ್ಲ ಸರಿಯಿದ್ದರೂ ಗಾಳಿಯೊಂದು ತಪ್ಪಿದರೆ ಪ್ರತಿ ಶಾಟ್‌ಗೂ 0.2 ಅಂಕ ಅತ್ತಿತ್ತ. ವೇಗದ ಏರುಪೇರು 1 ಮೀಟರಿನೊಳಗಿದ್ದರೆ ಅದು 0.1 ಅಂಕವನ್ನೂ ಮುಟ್ಟುವುದಿಲ್ಲ. ರೆಗ್ಯುಲೇಟರ್ ಮೇಲೆ ನಮಗಿಷ್ಟು ಕಾಳಜಿ ಇರುವುದು ಇದೇ ಲೆಕ್ಕದಿಂದ.

ಆಯ್ಕೆಯ ಮಾತಿಗೆ ಬರೋಣ. ಫೈನ್‌ವರ್ಕ್‌ಬೌ, ವಾಲ್ಟರ್, ಆನ್‌ಶುಟ್ಜ್, ಸ್ಟೈಯರ್, ಹೆಮ್ಮರ್ಲಿ, ಪಾರ್ದಿನಿ: ಈ ಹೆಸರುಗಳನ್ನು ನೀವು ಕೇಳಿಯೇ ಇರುತ್ತೀರಿ. ಇವುಗಳಲ್ಲಿ ಯಾವುದರ ಬ್ಯಾರಲ್ಲೂ ನಿಮ್ಮ ಮೊದಲ ಮೂರು ವರ್ಷಗಳಲ್ಲಿ ನಿಮ್ಮನ್ನು ಸೋಲಿಸುವುದಿಲ್ಲ. ಹಾಗಾಗಿ ಬ್ರ್ಯಾಂಡ್ ಜಗಳ ಬಿಟ್ಟು ಮೂರು ವಿಷಯ ನೋಡಿ. ಒಂದು, ಸ್ಟಾಕ್ (ಭುಜಕ್ಕೆ ಆನಿಸಿ ಹಿಡಿಯುವ ಭಾಗ) ನಿಮ್ಮ ಮೈಗೆ ಹೊಂದುತ್ತದೆಯೇ. ಭುಜದ ತಟ್ಟೆ, ಕೆನ್ನೆಯ ಆಸರೆ, ಹಿಡಿ ಇವು ಎಷ್ಟು ಸರಿಯುತ್ತವೆ, ಬೆಳೆಯುವ ಮಗುವಾದರೆ ಇನ್ನೆರಡು ವರ್ಷಕ್ಕೆ ಸಾಕಾಗುವಷ್ಟು ಸರಿಯುತ್ತವೆಯೇ. ನಿಯಮದಲ್ಲಿ 5.5 ಕಿಲೋವರೆಗೆ ತೂಕಕ್ಕೆ ಅವಕಾಶವಿದೆ ಅಂತ ಹನ್ನೆರಡು ವರ್ಷದ ಮಗುವಿನ ಕೈಗೆ ಅಷ್ಟು ಭಾರ ಕೊಡಬೇಡಿ. ಸೊಂಟ ವಾಲಿಸಿ ನಿಲ್ಲುವ ಚಟ ಅಲ್ಲಿಂದಲೇ ಶುರುವಾಗುತ್ತದೆ. ಎರಡು, ಅದರ ಸೀಲ್ ಕಿಟ್, ಓ-ರಿಂಗ್ (ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ), ಫಿಲ್ಲಿಂಗ್ ಅಡಾಪ್ಟರ್ ನಮ್ಮಲ್ಲಿ ಸಿಗುತ್ತವೆಯೇ, ನಿಮ್ಮ ಊರಿನ ಆಸುಪಾಸಿನಲ್ಲಿ ಅದನ್ನು ಬಿಚ್ಚಬಲ್ಲ ಕೈ ಇದೆಯೇ. ಮೂರನೆಯದು ಸಿಲಿಂಡರ್. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು.

ಸಿಲಿಂಡರ್ ಮೇಲೆ ತಯಾರಾದ ತಿಂಗಳು, ವರ್ಷ ಕೊರೆದಿರುತ್ತದೆ. ಅಂತರರಾಷ್ಟ್ರೀಯ ಶೂಟಿಂಗ್ ಫೆಡರೇಶನ್ ನಿಯಮದಂತೆ ಅದಕ್ಕೆ ಹೆಚ್ಚೆಂದರೆ 10 ವರ್ಷ ಆಯಸ್ಸು, ಮತ್ತು ಅದನ್ನು ನೋಡಿಕೊಳ್ಳುವುದು ಶೂಟರ್‌ನದೇ ಹೊಣೆ. ಸೆಕೆಂಡ್ ಹ್ಯಾಂಡ್ ರೈಫಲ್ ನೋಡಲು ಹೋದಾಗ ಎಲ್ಲರೂ ಬ್ಯಾರಲ್‌ನೊಳಗೆ ಇಣುಕುತ್ತಾರೆ, ಸ್ಟಾಕ್ ಸವರುತ್ತಾರೆ. ನೀವು ಮೊದಲು ಸಿಲಿಂಡರನ್ನು ತಿರುಗಿಸಿ ದಿನಾಂಕ ಓದಿ. ಒಂಬತ್ತು ವರ್ಷ ಆಗಿದ್ದರೆ ಹೊಸ ಸಿಲಿಂಡರ್‌ನ ಬೆಲೆಯನ್ನು ರೈಫಲ್‌ನ ಬೆಲೆಯಿಂದ ಕಳೆದೇ ಮಾತಾಡಿ. ತುಂಬುವ ಮಿತಿಯೂ ಅದರ ಮೇಲೆಯೇ ಇರುತ್ತದೆ: ಹೆಚ್ಚಿನವು 200 ಬಾರ್, ಕೆಲವು 300. ರೈಫಲ್‌ನ ಹೆಸರು ನೋಡಿ ಊಹಿಸಬೇಡಿ.

ಕಾನೂನಿನ ಮಾತು ಚಿಕ್ಕದಾಗಿ. 4.5 ಮಿಲಿಮೀಟರ್ ಮೀರದ, 20 ಜೌಲ್ ಮೀರದ ಏರ್ ರೈಫಲ್‌ಗೆ 2016ರ ಶಸ್ತ್ರಾಸ್ತ್ರ ನಿಯಮಗಳಂತೆ ಲೈಸೆನ್ಸ್ ಬೇಕಿಲ್ಲ. ಅದನ್ನು ಮೀರಿದರೆ ಬೇಕು. ನಮ್ಮ ಮ್ಯಾಚ್ ರೈಫಲ್ ಆ ಮಿತಿಯ ಅರ್ಧವನ್ನೂ ಮುಟ್ಟುವುದಿಲ್ಲ. ಲೈಸೆನ್ಸ್ ಬೇಡ ಅಂದ ಮಾತ್ರಕ್ಕೆ ತೋಟದ ಹಕ್ಕಿಗೆ ಗುರಿಯಿಡುವುದು ಬೇಡ. ಅದು 1972ರ ವನ್ಯಜೀವಿ ಕಾಯ್ದೆಯಡಿ ಜೈಲಿನ ದಾರಿ.

ಇನ್ನು ಗಾಳಿ. ದಾರಿಗಳು ಮೂರು: ಕೈಪಂಪು, ದೊಡ್ಡ ಟ್ಯಾಂಕ್, ಕಂಪ್ರೆಸರ್.

ನಿಮ್ಮ ಸಿಲಿಂಡರ್ 0.2 ಲೀಟರ್‌ನದು ಅಂದುಕೊಳ್ಳಿ. 100 ಬಾರ್‌ನಿಂದ 200ಕ್ಕೆ ಏರಿಸಲು ಹೊರಗಿನ ಗಾಳಿ 20 ಲೀಟರ್ ಬೇಕು. ಕೈಪಂಪಿನಲ್ಲಿ ಅದು ನೂರೈವತ್ತರ ಆಸುಪಾಸು ಹೊಡೆತ, ಮತ್ತು ಕೊನೆಯ ಐವತ್ತಕ್ಕೆ ನಿಮ್ಮ ಮೈತೂಕವೆಲ್ಲ ಹಾಕಬೇಕು. ಐವತ್ತು ಹೊಡೆದು ಐದು ನಿಮಿಷ ಬಿಡಿ. ಅದು ನಿಮ್ಮ ದಣಿವಿಗಲ್ಲ, ಪಂಪಿನ ಬಿಸಿಗೆ. ಕಾದ ಪಂಪಿನಲ್ಲಿ ಮೊದಲು ಸುಡುವುದು ಒಳಗಿನ ಸೀಲ್. ಪ್ರತಿ ಹೊಡೆತದ ತಳದಲ್ಲಿ ಎರಡು ಸೆಕೆಂಡ್ ನಿಲ್ಲಿಸಿ, ಗಾಳಿ ಆಚೆ ದಾಟಲಿ. ಮಕ್ಕಳ ಕೈಲಿ ಈ ಪಂಪು ಕೆಲಸ ಆಗುವುದಿಲ್ಲ. ಶೂಟಿಂಗ್‌ಗೆ ಮುಂಚೆ ನೀವೇ ಹೊಡೆದರೂ ತೋಳು ಅರ್ಧ ಗಂಟೆ ನಡುಗುತ್ತದೆ, ಹಿಂದಿನ ರಾತ್ರಿಯೇ ತುಂಬಿಟ್ಟುಕೊಳ್ಳಿ.

ಟ್ಯಾಂಕ್ ಅಂದರೆ ಸ್ಕೂಬಾ ಡೈವಿಂಗ್‌ನವರು ಬೆನ್ನಿಗೆ ಕಟ್ಟುವಂಥದ್ದು, ಸಾಮಾನ್ಯವಾಗಿ 12 ಲೀಟರ್. ಮುರುಡೇಶ್ವರದಿಂದ ನೇತ್ರಾಣಿಗೆ ಡೈವಿಂಗ್ ಕರೆದೊಯ್ಯುವ ಕಡೆಯೆಲ್ಲ ಇರುವುದು ಇದೇ. ಉಸಿರಾಟಕ್ಕೆಂದು ಸೋಸಿ ಒಣಗಿಸಿದ ಗಾಳಿ ಆದ್ದರಿಂದ ರೈಫಲ್‌ಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಜನ ಎಡವುವುದು ಲೆಕ್ಕದಲ್ಲಿ. ಟ್ಯಾಂಕಿನಲ್ಲಿ 200 ಬಾರ್ ಇದೆ, ನಿಮ್ಮ ಸಿಲಿಂಡರ್ 100ರಲ್ಲಿದೆ. ಜೋಡಿಸಿದರೆ ಎರಡೂ ಸುಮಾರು 198ಕ್ಕೆ ಬಂದು ನಿಲ್ಲುತ್ತವೆ. ಮುಂದಿನ ಸಲ 197. ಹೀಗೆ ಇಪ್ಪತ್ತು ಸಲ ತುಂಬುವಷ್ಟರಲ್ಲಿ ಟ್ಯಾಂಕ್ 170ರ ಸುತ್ತ ಇರುತ್ತದೆ, ನಿಮಗೂ ಅಷ್ಟೇ ಸಿಗುತ್ತದೆ. ಟ್ಯಾಂಕ್ ತುಂಬ ಗಾಳಿ ಉಳಿದಿದ್ದರೂ 200 ಮಾತ್ರ ಇನ್ನು ಬರುವುದಿಲ್ಲ. ಅದೇ 300 ಬಾರ್ ಟ್ಯಾಂಕ್ ಆದರೆ ಕಾಗದದ ಮೇಲೆ 60 ಸಲ ಪೂರ್ತಿ 200 ತುಂಬಬಹುದು. 300 ಬಾರ್‌ನಲ್ಲಿ ಗಾಳಿ ಲೆಕ್ಕದಷ್ಟು ಒತ್ತಿಕೊಳ್ಳುವುದಿಲ್ಲವಾದ್ದರಿಂದ ನಿಜದಲ್ಲಿ ಸ್ವಲ್ಪ ಕಡಿಮೆ. ಕ್ಲಬ್ಬಿಗೆ ಕೊಳ್ಳುವುದಾದರೆ 300ರದ್ದನ್ನೇ ಕೊಳ್ಳಿ ಅನ್ನುವುದು ಇದಕ್ಕೆ. ಜತೆಗೆ ಒಂದು ಅಪಾಯವನ್ನೂ ಕೊಂಡಂತಾಯಿತು: 200ರ ಸಿಲಿಂಡರ್‌ಗೆ 300 ನುಗ್ಗದಂತೆ ತಡೆಯುವುದು ನಿಮ್ಮ ಕಣ್ಣು ಮಾತ್ರ. ತುಂಬುವಾಗ ಫೋನ್ ಬಂದರೆ ಟ್ಯಾಂಕಿನ ವಾಲ್ವ್ ಮುಚ್ಚಿ ಆಮೇಲೆ ಎತ್ತಿ. ಒತ್ತಡ ಮಿತಿಗೊಳಿಸುವ ರೆಗ್ಯುಲೇಟರ್ ಇರುವ ಫಿಲ್ಲಿಂಗ್ ಲೈನ್ ಸಿಕ್ಕರೆ ಹಣಕ್ಕೆ ಹಿಂದುಮುಂದು ನೋಡಬೇಡಿ. ಉಕ್ಕಿನ ಟ್ಯಾಂಕನ್ನು ಐದು ವರ್ಷಕ್ಕೊಮ್ಮೆ ನೀರಿನ ಒತ್ತಡದ ಪರೀಕ್ಷೆಗೆ ಕೊಡಬೇಕು. ಪರೀಕ್ಷೆಯ ದಿನಾಂಕ ಅದರ ಹೆಗಲ ಮೇಲೆ ಕೊರೆದಿರುತ್ತದೆ.

ಕಂಪ್ರೆಸರ್ ಬಗ್ಗೆ ಹೆಚ್ಚಿಲ್ಲ. ನೀರಿನಿಂದ ತಣಿಯುವ 300 ಬಾರ್ ಯಂತ್ರಗಳು ಈಗ ಬಹಳ ಕಡೆ ಬಂದಿವೆ. ಬಕೆಟ್‌ನಲ್ಲಿ ತಣ್ಣೀರು, ಆಗಾಗ ಡ್ರೈನ್ ವಾಲ್ವ್ ತೆರೆದು ನೀರು ಹೊರಬಿಡುವುದು, ಕೈಪಿಡಿಯಲ್ಲಿ ಹೇಳಿದಷ್ಟೇ ಹೊತ್ತು ಓಡಿಸುವುದು, ಹೇಳಿದ ಎಣ್ಣೆಯನ್ನೇ ಹಾಕುವುದು. ಎಣ್ಣೆಯ ಆವಿ ಗಾಳಿಯ ಜತೆ ಬರುತ್ತದೆ, ಹಾಗಾಗಿ ಫಿಲ್ಟರ್ ಇಲ್ಲದೆ ಅದರ ಗಾಳಿಯನ್ನು ರೈಫಲ್‌ಗೆ ಬಿಡಲೇಬಾರದು.

ಈಗ ತೇವಾಂಶ. ನಮ್ಮ ಹವೆಗೆ ಇದೇ ದೊಡ್ಡ ಶತ್ರು. ಮಂಗಳೂರಿನ ಜುಲೈ ತಿಂಗಳು ಅಂದುಕೊಳ್ಳಿ: 30 ಡಿಗ್ರಿ, ತೇವಾಂಶ ಶೇ. 80. ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ನೀರು ಆವಿಯಾಗಿ ಇರುತ್ತದೆ. ನೀವು ತುಂಬುವ 20 ಲೀಟರ್ ಗಾಳಿಯಲ್ಲಿ ಅರ್ಧ ಗ್ರಾಂ, ಅಂದರೆ ಹತ್ತು ಹನಿ. 200 ಬಾರ್‌ಗೆ ಒತ್ತಿ ತಣಿದ ಮೇಲೆ ಆ ಪುಟ್ಟ ಸಿಲಿಂಡರ್‌ನ ಗಾಳಿ ಒಂದು ಹನಿಯ ಕಾಲು ಭಾಗವನ್ನೂ ಆವಿಯಾಗಿ ಹಿಡಿದಿಡಲಾರದು. ಉಳಿದದ್ದು ನೀರೇ. ಪಂಪಿನ ಬುಡದ ಬಲೆಯಲ್ಲಿ ಸ್ವಲ್ಪ ನಿಲ್ಲುತ್ತದೆ, ನಿಲ್ಲದ್ದು ಸಿಲಿಂಡರ್‌ಗೆ, ಅಲ್ಲಿಂದ ರೆಗ್ಯುಲೇಟರ್‌ಗೆ. ರೆಗ್ಯುಲೇಟರ್‌ನ ಪಿಸ್ಟನ್ ಮೇಲೆ ಕೂದಲೆಳೆಯಷ್ಟು ತುಕ್ಕು ಹಿಡಿದರೂ ಆಟ ಮುಗಿಯಿತು. ಹಾಗಾಗಿ ಪಂಪಿಗಾಗಲಿ ಕಂಪ್ರೆಸರ್‌ಗಾಗಲಿ ಒಣಗಿಸುವ ಫಿಲ್ಟರ್ ಹಾಕಿ: ಸಿಲಿಕಾ ಜೆಲ್ ಅಥವಾ ಮಾಲಿಕ್ಯುಲರ್ ಸೀವ್, ಎಣ್ಣೆಯಾವಿಗೆ ಸಕ್ರಿಯ ಇದ್ದಿಲು. ಬಣ್ಣ ಬದಲಾಗುವ ಸಿಲಿಕಾ ಜೆಲ್ ತಗೊಂಡರೆ ಯಾವಾಗ ಒದ್ದೆಯಾಯಿತು ಅಂತ ಅದೇ ಹೇಳುತ್ತದೆ. ಕಿತ್ತಳೆ ಬಣ್ಣದ್ದನ್ನು 120 ಡಿಗ್ರಿ ಓವನ್‌ನಲ್ಲಿ ಒಂದೆರಡು ಗಂಟೆ ಇಟ್ಟರೆ ಮತ್ತೆ ಕೆಲಸಕ್ಕೆ ಬರುತ್ತದೆ. ಮಳೆ ಸುರಿಯುವ ದಿನ ತುಂಬುವುದಕ್ಕಿಂತ ಬಿಸಿಲಿದ್ದ ಮಧ್ಯಾಹ್ನ, ಎ.ಸಿ. ಇದ್ದರೆ ಎ.ಸಿ. ಕೋಣೆಯಲ್ಲಿ, ತುಂಬುವುದು ಜಾಣತನ.

ತುಂಬುವ ಕ್ರಮ ಹೀಗೆ. ಟ್ಯಾಂಕನ್ನು ಬೀಳದಂತೆ ಗೋಡೆಗೆ ಸರಪಳಿ ಹಾಕಿ ನಿಲ್ಲಿಸಿ. ಸಿಲಿಂಡರನ್ನು ರೈಫಲ್‌ನಿಂದ ಬಿಚ್ಚಿ, ಅದರ ತಿರುಪಿನ ಸುತ್ತನ್ನು (ಥ್ರೆಡ್) ಒಣ ಬಟ್ಟೆಯಿಂದ ಒರೆಸಿ, ಒಳಗೆ ಧೂಳು, ದಾರದ ಎಳೆ ಇಲ್ಲವೆಂದು ನೋಡಿ. ಅಡಾಪ್ಟರ್‌ಗೆ ಕೈಬಲದಲ್ಲಿ ತಿರುಗಿಸಿ. ಸ್ಪ್ಯಾನರ್ ಬೇಡ. ಇಲ್ಲಿ ಗಾಳಿ ತಡೆಯುವುದು ಓ-ರಿಂಗ್, ಬಿಗಿಯಲ್ಲ. ಕೈಬಿಗಿಗೆ ಸೋರುತ್ತಿದ್ದರೆ ಓ-ರಿಂಗ್ ಬದಲಿಸಬೇಕು ಅಂತ ಅರ್ಥ. ನಲ್ಲಿ ರಿಪೇರಿ ಮಾಡಿ ಅಭ್ಯಾಸವಿದ್ದ ಕೈ ಟೆಫ್ಲಾನ್ ಟೇಪ್ ಹುಡುಕುತ್ತದೆ, ಅದೂ ಬೇಡ, ಅದರ ಚೂರು ನೇರ ವಾಲ್ವ್‌ಗೆ ಹೋಗುತ್ತದೆ. ಬ್ಲೀಡ್ ಸ್ಕ್ರೂ (ಹೋಸ್‌ನ ಗಾಳಿ ಹೊರಬಿಡುವ ತಿರುಪು) ಮುಚ್ಚಿ. ಟ್ಯಾಂಕಿನ ವಾಲ್ವನ್ನು ಕೂದಲಷ್ಟು ತೆರೆಯಿರಿ. ಸಣ್ಣಗೆ ಸುಯ್ಯೆನ್ನುವ ಸದ್ದು ಬರಬೇಕು, ಭುಸ್ಸೆನ್ನಬಾರದು. ಸೆಕೆಂಡಿಗೆ 1 ಬಾರ್‌ಗಿಂತ ವೇಗ ಬೇಡ. 100 ಬಾರ್ ಏರಲು ಎರಡು ನಿಮಿಷ ತಗೊಳ್ಳಲಿ. ಸಿಲಿಂಡರ್ ಕೈಗೆ ಬಿಸಿ ಅನ್ನಿಸಿದರೆ ಅವಸರ ಮಾಡಿದಿರಿ ಅಂತ ಲೆಕ್ಕ. ಒಳಗಿನ ಗಾಳಿ 50 ಡಿಗ್ರಿ ಇದ್ದಾಗ ಗೇಜ್ 200 ತೋರಿಸಿದರೆ, 30 ಡಿಗ್ರಿಗೆ ತಣಿದಾಗ ಅದು 188ಕ್ಕೆ ಇಳಿದಿರುತ್ತದೆ. ಇದನ್ನು ನೋಡಿ "ಲೀಕ್ ಇದೆ" ಅಂತ ಗಾಬರಿಯಾಗುವವರು ಬಹಳ. ಐದು ನಿಮಿಷ ಬಿಟ್ಟು ಮತ್ತೆ 200ಕ್ಕೆ ಏರಿಸಿ. ಮೊದಲು ಟ್ಯಾಂಕ್ ವಾಲ್ವ್ ಮುಚ್ಚಿ, ನಂತರ ಬ್ಲೀಡ್ ಸ್ಕ್ರೂ ತೆರೆದು ಹೋಸ್‌ನ ಗಾಳಿ ಬಿಡಿ, ಸದ್ದು ಪೂರ್ತಿ ನಿಂತ ಮೇಲೆ ಸಿಲಿಂಡರ್ ಬಿಚ್ಚಿ. ಈ ಕ್ರಮ ಹಿಂದುಮುಂದಾದರೆ ಹೋಸ್ ಹಾವಿನಂತೆ ಎದ್ದು ಮುಖಕ್ಕೆ ಬಡಿಯುತ್ತದೆ.

ಸಿಲಿಂಡರ್‌ಗೆ ಆಮ್ಲಜನಕ ಎಂದೂ ತುಂಬಬಾರದು. ವೆಲ್ಡಿಂಗ್ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ, ಒತ್ತಡವೂ ಇರುತ್ತದೆ ಅಂತ ಆಸೆಪಡಬೇಡಿ. ಅಷ್ಟು ಒತ್ತಡದ ಆಮ್ಲಜನಕಕ್ಕೆ ಒಂದು ತೊಟ್ಟು ಗ್ರೀಸ್ ತಗಲಿದರೆ ಸ್ಫೋಟ. ಗಾಳಿಯಲ್ಲೂ ಇದೇ ಗುಣ ಸ್ವಲ್ಪ ಮಟ್ಟಿಗೆ ಇದೆ: 200 ಬಾರ್ ಗಾಳಿ ಒಮ್ಮೆಲೇ ನುಗ್ಗಿದಾಗ ಹುಟ್ಟುವ ಕಾವಿಗೆ ಪೆಟ್ರೋಲಿಯಂ ಎಣ್ಣೆ ಡೀಸೆಲ್ ಎಂಜಿನ್‌ನಲ್ಲಿ ಹೊತ್ತಿಕೊಂಡಂತೆ ಹೊತ್ತಿಕೊಳ್ಳುತ್ತದೆ. ಮನೆಯಲ್ಲಿ ಕೀರಲು ಬಾಗಿಲಿಂದ ಹಿಡಿದು ಎಲ್ಲದಕ್ಕೂ ಹೊಲಿಗೆ ಮೆಷಿನ್ ಎಣ್ಣೆ ಬಿಟ್ಟು ರೂಢಿ. ಗಾಳಿ ಹರಿಯುವ ಯಾವ ಭಾಗಕ್ಕೂ ಅದನ್ನು ತಾಗಿಸಬೇಡಿ. ಅಲ್ಲಿ ಸಿಲಿಕೋನ್ ಗ್ರೀಸ್ ಮಾತ್ರ.

ತುಂಬಿದ್ದು ಎಷ್ಟು ದಿನ ಬರುತ್ತದೆ? 200ರಿಂದ ಶುರುಮಾಡಿದರೆ ಇನ್ನೂರರ ಸುಮಾರು ಶಾಟ್ ಸಿಗುತ್ತವೆ. ಸ್ಪರ್ಧೆಯಲ್ಲಿ 60 ಶಾಟ್, ಅದಕ್ಕೆ ಮೊದಲು ಅಭ್ಯಾಸದ್ದು ಇಪ್ಪತ್ತು-ಇಪ್ಪತ್ತೈದು. ಆದರೂ 100 ಬಾರ್ ಮುಟ್ಟಿದ ಸಿಲಿಂಡರ್ ಹಾಕಿಕೊಂಡು ಸ್ಪರ್ಧೆಗೆ ನಿಲ್ಲಬೇಡಿ. ಸಿಲಿಂಡರ್‌ನ ಒತ್ತಡ ರೆಗ್ಯುಲೇಟರ್‌ನ ಮಟ್ಟಕ್ಕಿಂತ ಕೆಳಗಿಳಿದ ಗಳಿಗೆಯಿಂದ ಪೆಲೆಟ್‌ಗಳು ಒಂದೊಂದಾಗಿ ಕೆಳಗೆ ಜಾರತೊಡಗುತ್ತವೆ, ಶೂಟರ್ ಸೈಟ್ (ಗುರಿ ನೋಡುವ ಸಾಧನ) ತಿರುಗಿಸುತ್ತಲೇ ಇರುತ್ತಾರೆ. ರೆಗ್ಯುಲೇಟರ್ ಇಲ್ಲದ ಅಗ್ಗದ ಪಿಸಿಪಿಗಳ ಕಥೆ ಬೇರೆ. ಅವುಗಳಲ್ಲಿ ಪೂರ್ತಿ ತುಂಬಿದಾಗ ಒತ್ತಡವೇ ವಾಲ್ವನ್ನು ಬಿಗಿಯಾಗಿ ಹಿಡಿದು ವೇಗ ಕಮ್ಮಿ ಬರುತ್ತದೆ, ನಡುವೆ ಏರುತ್ತದೆ, ಕೊನೆಗೆ ಮತ್ತೆ ಬೀಳುತ್ತದೆ. ಕ್ರೋನೋಗ್ರಾಫ್ (ಪೆಲೆಟ್‌ನ ವೇಗ ಅಳೆಯುವ ಸಾಧನ) ಮುಂದೆ ಐದೈದು ಶಾಟ್‌ಗೊಮ್ಮೆ ಗೇಜ್ ಬರೆದುಕೊಂಡು ವೇಗ ಸಮವಾಗಿರುವ ಒತ್ತಡದ ತುಂಡನ್ನು ಹುಡುಕಿ, ಅಷ್ಟರಲ್ಲೇ ಆಡಿ. 170ಕ್ಕೆ ತುಂಬಿದರೆ ಚೆನ್ನಾಗಿ ಹೊಡೆಯುವ ರೈಫಲ್‌ಗೆ 200 ತುಂಬುವುದು ಬರಿ ಹಟ.

ಸೋರಿಕೆ ಹುಡುಕುವುದು ಪತ್ತೇದಾರಿ ಕೆಲಸ. ಮೊದಲ ರಾತ್ರಿ ಸಿಲಿಂಡರನ್ನು ಬಿಚ್ಚಿಟ್ಟು ಮಲಗಿ. ಬೆಳಿಗ್ಗೆ ಇಳಿದಿದ್ದರೆ ತಪ್ಪು ಸಿಲಿಂಡರ್‌ನ ವಾಲ್ವ್ ಅಥವಾ ಗೇಜ್‌ನದು. ಇಳಿಯದಿದ್ದರೆ ಎರಡನೇ ರಾತ್ರಿ ರೈಫಲ್‌ಗೆ ಜೋಡಿಸಿಡಿ. ಈಗ ಇಳಿದರೆ ಜಾಗಗಳು ಮೂರು. ಸಿಲಿಂಡರ್ ಕೂಡುವ ಜಾಗಕ್ಕೆ ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ. ಪೆಲೆಟ್ ಇಲ್ಲವೆಂದು ಖಚಿತ ಮಾಡಿಕೊಂಡು ಬ್ಯಾರಲ್ ತುದಿಗೆ ತೆಳು ಪ್ಲಾಸ್ಟಿಕ್ ಕಟ್ಟಿಡಿ. ಅದು ಉಬ್ಬಿದರೆ ಶಾಟ್ ವಾಲ್ವ್‌ನ ಸೀಟ್ ಸವೆದಿದೆ ಅಥವಾ ಅದರ ಮೇಲೆ ಕಸ ಕೂತಿದೆ. ರೆಗ್ಯುಲೇಟರ್‌ನ ಪಕ್ಕದ ಸೂಜಿತೂತಿನಿಂದ ಗುಳ್ಳೆ ಬಂದರೆ ಅದರ ಪಿಸ್ಟನ್ ಓ-ರಿಂಗ್ ಹೋಗಿದೆ. ಆ ತೂತನ್ನು ಮುಚ್ಚುವ ಬುದ್ಧಿವಂತಿಕೆ ಬೇಡ, ಅದು ಇರಲೇಬೇಕಾದ ತೂತು.

ಸೋರಿಕೆ ಇಲ್ಲ, ಆದರೆ ಹತ್ತು ನಿಮಿಷ ಬಿಟ್ಟು ಹೊಡೆದ ಮೊದಲ ಶಾಟ್ ಮಾತ್ರ ಬೇರೆ ಕಡೆ ಹೋಗುತ್ತದೆ, ಆಮೇಲಿನವು ಸರಿ. ಇದು ರೆಗ್ಯುಲೇಟರ್ ತೆವಳುವ ಲಕ್ಷಣ. ಅದರ ಸೀಟ್ ಪೂರ್ತಿ ಮುಚ್ಚದೆ ಒತ್ತಡ ಮೆಲ್ಲಗೆ ಏರುತ್ತಿರುತ್ತದೆ. ಇದನ್ನು ಮನೆಯಲ್ಲಿ ಬಿಚ್ಚಬೇಡಿ. ಒಳಗಿನ ಸ್ಪ್ರಿಂಗ್ ತಟ್ಟೆಗಳ ಒಂದು ಕ್ರಮ ತಪ್ಪಿದರೆ ಮಟ್ಟವೇ ಬದಲಾಗುತ್ತದೆ.

ಮನೆಯಲ್ಲಿ ಧೈರ್ಯವಾಗಿ ಮಾಡಬಹುದಾದದ್ದು ಬ್ರೀಚ್‌ನ (ಪೆಲೆಟ್ ಹಾಕುವ ಜಾಗದ) ಓ-ರಿಂಗ್ ಬದಲಿಸುವುದು. ಸಿಲಿಂಡರ್ ಬಿಚ್ಚಿ. ಸುರಕ್ಷಿತ ದಿಕ್ಕಿಗೆ ಹಿಡಿದು, ಗಾಳಿಯ ಸದ್ದು ಪೂರ್ತಿ ನಿಲ್ಲುವವರೆಗೆ ಕಾಕ್ ಮಾಡಿ (ಸುತ್ತಿಗೆಯನ್ನು ಹಿಂದಕ್ಕೆಳೆದು) ಟ್ರಿಗರ್ ಎಳೆಯಿರಿ. ಹಳೆಯ ರಿಂಗನ್ನು ಹಲ್ಲುಕಡ್ಡಿಯಿಂದ ಎತ್ತಿ. ಸೂಜಿಯಿಂದ ಎತ್ತಿದರೆ ತೋಡಿನ ಮೇಲೆ ಗೀರು ಬೀಳುತ್ತದೆ, ಹೊಸ ರಿಂಗ್ ಆ ಗೀರಿನಲ್ಲೇ ಸೋರುತ್ತದೆ. ಟಾರ್ಚ್ ಹಾಕಿ ತೋಡನ್ನು ನೋಡಿ, ನೂಲು ಬಿಡದ ಬಟ್ಟೆಯಿಂದ ಒರೆಸಿ. ಸಾಸಿವೆ ಕಾಳಿನಷ್ಟು ಸಿಲಿಕೋನ್ ಗ್ರೀಸನ್ನು ಎರಡು ಬೆರಳ ನಡುವೆ ತಿಕ್ಕಿ, ಹೊಸ ರಿಂಗನ್ನು ಅದರಲ್ಲಿ ಹೊರಳಿಸಿ. ಹೊಳಪು ಬಂದರೆ ಸಾಕು. ತಿರುಚಿಕೊಳ್ಳದಂತೆ ತೋಡಿಗೆ ಕೂರಿಸಿ, ಬೆರಳ ತುದಿಯಿಂದ ಸುತ್ತ ಒತ್ತಿ. ರಿಂಗ್‌ನ ಅಳತೆ, ಗಡಸುತನ ಕೈಪಿಡಿಯಲ್ಲಿ ಹೇಳಿದ್ದೇ ಇರಲಿ. ಹಾರ್ಡ್‌ವೇರ್ ಅಂಗಡಿಯ ನಲ್ಲಿಯ ರಿಂಗ್ ನೋಡಲು ಹಾಗೇ ಇರುತ್ತದೆ, ವಾರ ಬಾಳುವುದಿಲ್ಲ.

ಬ್ಯಾರಲನ್ನು ಅತಿಯಾಗಿ ಉಜ್ಜಬೇಡಿ. ಇದರಲ್ಲಿ ಮದ್ದಿಲ್ಲ, ಮಸಿಯಿಲ್ಲ, ಸ್ವಲ್ಪ ಸೀಸ ಮಾತ್ರ. ಒಣ ಫೆಲ್ಟ್ ಎರಡು-ಮೂರು ಒಟ್ಟಿಗೆ ಹಾಕಿ ಹೊಡೆದರೆ, ಅಥವಾ ದಾರದಿಂದ ಬ್ರೀಚ್ ಕಡೆಯಿಂದ ಎಳೆದರೆ ಆಯಿತು. ಲೋಹದ ಬ್ರಷ್ ಬೇಡ. ಸ್ವಚ್ಛ ಮಾಡಿದ ಮೇಲಿನ ಮೊದಲ ಹತ್ತು-ಹದಿನೈದು ಪೆಲೆಟ್ ಎಲ್ಲಿ ಬೀಳುತ್ತವೆ ಅಂತ ಚಿಂತಿಸಬೇಡಿ, ಆದರೆ ಈ ಕೆಲಸವನ್ನು ಸ್ಪರ್ಧೆಯ ಬೆಳಿಗ್ಗೆ ಮಾಡಬೇಡಿ. ಪೆಲೆಟ್ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆದ ಮೇಲೆಯೇ ಬೋಂಡಾಕ್ಕೆ ಕೈ ಹಾಕಿ. ಸೀಸ ವಿಷ.

ಮಳೆಗಾಲದಲ್ಲಿ ರೈಫಲನ್ನು ಪೆಟ್ಟಿಗೆಯಲ್ಲಿ ಮುಚ್ಚಿಡುವುದೇ ತಪ್ಪು. ಒಳಗಿನ ಫೋಮ್ ಸ್ಪಂಜಿನಂತೆ ತೇವ ಹೀರಿ ಕೂತಿರುತ್ತದೆ, ಮಡಿಕೇರಿ, ಆಗುಂಬೆ ಕಡೆ ಎರಡೇ ವಾರಕ್ಕೆ ಸ್ಕ್ರೂ ತಲೆ ಕೆಂಪಾಗುತ್ತದೆ. ಬೆವರು ಒರೆಸಿ, ಉಕ್ಕಿನ ಹೊರಭಾಗಕ್ಕೆ ಮಾತ್ರ ತೆಳುವಾಗಿ ಗನ್ ಆಯಿಲ್ ಸವರಿ, ಗಾಳಿಯಾಡುವ ಬೀರುವಿನಲ್ಲಿ ಬೀಗ ಹಾಕಿಡಿ. ಸಿಲಿಂಡರನ್ನು ಬೇರೆ ಮಾಡಿ ಇಡಿ, ಪೂರ್ತಿ ಖಾಲಿ ಬೇಡ, 50 ಬಾರ್‌ನಷ್ಟು ಇರಲಿ. ಒಳಗೆ ಒತ್ತಡ ಇದ್ದರೆ ಹೊರಗಿನ ತೇವ ಒಳನುಗ್ಗುವುದಿಲ್ಲ. ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ತುಂಬಿದ ಸಿಲಿಂಡರ್ ಬಿಟ್ಟುಹೋಗಬೇಡಿ. ವಿಮಾನದಲ್ಲಿ ಹೋಗುವುದಾದರೆ ಮಾತ್ರ ಪೂರ್ತಿ ಖಾಲಿ ಮಾಡಿ, ರೈಫಲ್‌ನಿಂದ ಬಿಚ್ಚಿ, ಏರ್‌ಲೈನ್‌ನವರಿಗೆ ಮೊದಲೇ ತಿಳಿಸಿ.

ಕೊನೆಗೆ ಆಯಸ್ಸು ಮುಗಿದ ಸಿಲಿಂಡರ್. "ಸ್ಪರ್ಧೆಗೆ ಬೇಡ, ಅಭ್ಯಾಸಕ್ಕೆ ಇರಲಿ" ಅಂತ ಅದನ್ನು ಬೇರೆ ಮಗುವಿಗೆ ದಾಟಿಸುವುದು ನಡೆಯುತ್ತಿರುತ್ತದೆ. ಅದನ್ನು ಪೂರ್ತಿ ಖಾಲಿ ಮಾಡಿ, ಮೆಕ್ಯಾನಿಕ್ ಕೈಲಿ ವಾಲ್ವ್ ಬಿಚ್ಚಿಸಿ, ಮೈಗೆ ಒಂದು ತೂತು ಕೊರೆಸಿ, ಆಮೇಲೆ ಗುಜರಿಗೆ ಹಾಕಿ.